ಓಡದ ನಾಲ್ಕು ಸಾಲು

ಆಫೀಸಿನಲ್ಲಿ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಶೇಷಮ್ಮ. ಈ ಬಿರುದು ಪುಕ್ಕಟೆ ಬಂದದ್ದಲ್ಲ. ಮೈನಸ್ ಏಳನ್ನು ಮೂರರಿಂದ ಭಾಗಿಸಿದರೆ ಶೇಷ ಎಷ್ಟು ಎಂಬ ಪ್ರಶ್ನೆಗಾಗಿ ಅವಳು ಹನ್ನೊಂದು ವಾರ ಜಗಳವಾಡಿದ್ದಳು. ಮೈನಸ್ ಒಂದು ಎಂದು ಉಳಿದವರೆಲ್ಲ, ಎರಡು ಎಂದು ಅವಳೊಬ್ಬಳು. ಹೇಗೆ ಹೇಳಿದರೂ ಲೆಕ್ಕವೇನೋ ತಾಳೆಯಾಗುತ್ತದೆ, ಆದರೆ ಅವಳಿಗೆ ತಾಳೆಯಾಗುತ್ತಿರಲಿಲ್ಲ.

"ಉಳಿದಿದ್ದು ಅಂದ್ಮೇಲೆ ಏನಾದ್ರೂ ಉಳಿದಿರ್ಬೇಕಲ್ವಾ? ಬಿಂದಿಗೇಲಿ ಮೈನಸ್ ಒಂದು ಲೋಟ ನೀರು ಉಳಿದಿದೆ ಅಂತ ಯಾರ ಮನೇಲಾದ್ರೂ ಹೇಳ್ತಾರಾ?" ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ಕೇಳಿದ್ದಳು.

ಹನ್ನೆರಡನೆಯ ವಾರ ಎಲ್ಲರೂ ಎರಡಕ್ಕೇ ಒಪ್ಪಿದರು. ಅದನ್ನು ಅವಳು ತರ್ಕದ ಗೆಲುವು ಎಂದು ಭಾವಿಸಿದಳು. ಅವರಿಗೆ ಮನೆಗೆ ಹೋಗಬೇಕಿತ್ತು, ಅಷ್ಟೇ.

ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು ಆ ಆಫೀಸು. ಹನ್ನೊಂದು ಜನ, ಎಂಟು ಕಿಟಕಿ, ಅದರಲ್ಲಿ ತೆಗೆಯಲು ಬರುವುದು ಎರಡು. ಅಲ್ಲಿ ತಯಾರಾಗುತ್ತಿದ್ದದ್ದು ದೊಡ್ಡ ಸಂಖ್ಯೆಗಳ ಲೆಕ್ಕ ಮಾಡುವ ಒಂದು ತಂತ್ರಾಂಶ. ಕಂಪ್ಯೂಟರಿಗೆ ಒಂದೇ ಏಟಿಗೆ ಹಿಡಿಸುವುದು ಹತ್ತೊಂಬತ್ತೋ ಇಪ್ಪತ್ತೋ ಅಂಕಿಯ ಸಂಖ್ಯೆ. ಅದಕ್ಕಿಂತ ದೊಡ್ಡದಾದರೆ ತುಂಡು ಮಾಡಿ ಒಂದರ ಪಕ್ಕ ಒಂದು ಗೂಡಿನಲ್ಲಿ ಇಡಬೇಕು, ಹಾಗೆ ಇಟ್ಟದ್ದನ್ನು ಕೂಡುವುದು ಹೇಗೆ, ಕಳೆಯುವುದು ಹೇಗೆ, ಗುಣಿಸುವುದು ಹೇಗೆ, ಭಾಗಿಸುವುದು ಹೇಗೆ ಎಂದು ಯಾರಾದರೂ ಅದಕ್ಕೆ ಕೂತು ಹೇಳಿಕೊಡಬೇಕು. ಆ ಯಾರಾದರೂ ಎಂದರೆ ಶೇಷಮ್ಮ. ನಾಲ್ಕನೆಯ ತರಗತಿಯ ಪಾಠವನ್ನು ಯಂತ್ರಕ್ಕೆ ಕಲಿಸುತ್ತ ಅವಳು ಒಂಬತ್ತು ವರ್ಷ ಕಳೆದಿದ್ದಳು, ಯಂತ್ರ ಇನ್ನೂ ಪಾಸಾಗಿರಲಿಲ್ಲ.

ಇಂಥ ಸಂಖ್ಯೆ ಯಾರಿಗೆ ಬೇಕು ಎಂದು ಕೇಳುವವರಿಗೆ ಅವಳ ಉತ್ತರ ಸಿದ್ಧವಿತ್ತು. ರಕ್ತಪರೀಕ್ಷೆಯ ಲ್ಯಾಬುಗಳು ತಮ್ಮ ವರದಿಯನ್ನು ಯಾರೂ ತಿದ್ದದಿರಲಿ ಎಂದು ಅದಕ್ಕೊಂದು ಕಣ್ಣಿಗೆ ಕಾಣದ ಸೀಲು ಒತ್ತುತ್ತವೆ. ಆ ಸೀಲೆಂದರೆ ನೂರಾರು ಅಂಕಿಯ ಒಂದು ಸಂಖ್ಯೆ. ಅದನ್ನು ಇನ್ನೊಂದು ಗೊತ್ತಾದ ಸಂಖ್ಯೆಯಿಂದ ಭಾಗಿಸಿ, ಶೇಷ ಹೊಂದಿಕೊಂಡರೆ ವರದಿ ಅಸಲಿ, ಹೊಂದದಿದ್ದರೆ ನಕಲಿ. ಆ ಭಾಗಾಕಾರ ಇವಳದು.

ಮನೆಯಲ್ಲಿ ಇದರ ಬಗ್ಗೆ ಯಾರಿಗೂ ಎಳ್ಳಷ್ಟೂ ಗೌರವ ಇರಲಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ, ದಿನಕ್ಕೆ ಹತ್ತು ವಾಕ್ಯ ಆಡಿದರೆ ಗಂಟಲು ನೋವು ಎನ್ನುವವನು. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅತ್ತೆ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ಮೇಲೂ ಕೆಂಪು ಪೆನ್ನು ಕೈಬಿಟ್ಟಿರಲಿಲ್ಲ. ಪೇಪರಿನಲ್ಲಿ ಬಂದ ತಪ್ಪುಗಳಿಗೆ ದಿನಾ ಬೆಳಿಗ್ಗೆ ಸುತ್ತು ಹಾಕುತ್ತಿದ್ದಳು. ಮನೆಗೆ ಬಂದವರಿಗೆ ಸೊಸೆಯ ಪರಿಚಯ ಮಾಡಿಕೊಡುವ ರೀತಿಯೂ ಒಂದೇ.

"ನನ್ನ ಸೊಸೆ ಭಾಗಾಕಾರ ಮಾಡ್ತಾಳೆ. ಒಂಬತ್ತು ವರ್ಷ ಆಯ್ತು, ಇನ್ನೂ ಮುಗ್ದಿಲ್ಲ."

ಬಂದವರು ನಗುತ್ತಿದ್ದರು. ಶೇಷಮ್ಮ ಹಲ್ಲು ಕಚ್ಚಿಕೊಂಡು ಟೀ ತರಲು ಒಳಗೆ ಹೋಗುತ್ತಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ಆಫೀಸಿಗೆ ಶೇಕಡಾ ಬರದಿದ್ದರೆ. ಗುಣಮಟ್ಟ ಪರೀಕ್ಷೆಗೆಂದು ಹೊಸದಾಗಿ ಬಂದಿದ್ದ ಈ ಯುವಕ ಏನನ್ನೂ ನೂರರ ಲೆಕ್ಕದಲ್ಲಲ್ಲದೆ ಹೇಳುತ್ತಿರಲಿಲ್ಲ. ಊಟ ಆಯ್ತಾ ಎಂದರೆ ಎಂಬತ್ತು ಪರ್ಸೆಂಟ್ ಎನ್ನುತ್ತಿದ್ದ. ಇವನ ಹತ್ತಿರ ಒಂದು ಸಲಕರಣೆ ಇತ್ತು. ತಂತ್ರಾಂಶವನ್ನು ಪರೀಕ್ಷೆಗೆ ಹಚ್ಚಿದಾಗ ಅದರ ಯಾವ ಯಾವ ಸಾಲು ಕೆಲಸ ಮಾಡಿತು ಎಂದು ಅದು ನೋಡುತ್ತದೆ. ಓಡಿದ ಸಾಲಿಗೆ ಹಸಿರು, ಓಡದ ಸಾಲಿಗೆ ಕೆಂಪು. ಹನ್ನೆರಡು ಸಾವಿರ ಸಾಲುಗಳಲ್ಲಿ ಕೆಂಪಗೆ ಉಳಿದದ್ದು ನಾಲ್ಕೇ ನಾಲ್ಕು. ನಾಲ್ಕೂ ಶೇಷಮ್ಮನ ಭಾಗಾಕಾರದಲ್ಲಿದ್ದವು.

"ನಲವತ್ತು ಕೋಟಿ ಲೆಕ್ಕ ಓಡಿಸಿದೀನಿ ಮೇಡಂ. ಒಂದ್ಸಲಾನೂ ಆ ಕಡೆ ಹೋಗಿಲ್ಲ. ನಲವತ್ತು ಕೋಟಿ ಸಲ ಬೇಡವಾಗಿದ್ದು ಇನ್ಮೇಲೆ ಯಾಕೆ ಬೇಕಾಗುತ್ತೆ? ತೆಗೆದ್ರೆ ನೂರಕ್ಕೆ ನೂರು," ಎಂದ ಸೋಮವಾರ ಬೆಳಿಗ್ಗೆ.

ನೂರಕ್ಕೆ ನೂರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮ್ಯಾನೇಜರ್ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದ. ಶುಕ್ರವಾರ ಒಬ್ಬ ದೊಡ್ಡ ಗ್ರಾಹಕ ಬರುವವನಿದ್ದ. ಅರವತ್ತು ಲ್ಯಾಬುಗಳ ಒಡೆಯ. ಅವನು ಕೇಳಿದ್ದು ಒಂದೇ ಹಾಳೆ, ಅದರ ಮೇಲೆ ನೂರು ಎಂಬ ಸಂಖ್ಯೆ. ಅಲ್ಲದೆ ವಿಭಾಗದ ಮುಖ್ಯಸ್ಥನ ಕುರ್ಚಿ ಆರು ತಿಂಗಳಿಂದ ಖಾಲಿ ಇದೆ, ಸಹಕರಿಸುವವರಿಗೆ ಅದು ಸಿಗಲಿದೆ ಎಂದೂ ಮ್ಯಾನೇಜರ್ ಗೋಡೆಯ ಕಡೆ ನೋಡುತ್ತ ಹೇಳಿದ. ಗೋಡೆ ಏನೂ ಹೇಳಲಿಲ್ಲ.

ಶೇಷಮ್ಮ ಬೋರ್ಡಿನ ಮೇಲೆ ವಿವರಿಸಿದಳು. ಉದ್ದ ಭಾಗಾಕಾರದಲ್ಲಿ ಯಾರೇ ಆದರೂ ಮೊದಲ ಒಂದೆರಡು ಅಂಕಿ ನೋಡಿ ಇಷ್ಟು ಸಲ ಹೋಗಬಹುದು ಎಂದು ಊಹಿಸುತ್ತಾರೆ, ಯಂತ್ರವೂ ಹಾಗೇ. ಊಹೆ ಸಾಮಾನ್ಯವಾಗಿ ಸರಿ ಇರುತ್ತದೆ. ಎಂದೋ ಒಮ್ಮೆ ಒಂದು ಹೆಚ್ಚಾಗಿಬಿಡುತ್ತದೆ. ಆಗ ಕಳೆದದ್ದನ್ನು ವಾಪಸು ಕೂಡಿಸಿ, ಊಹೆಯನ್ನು ಒಂದು ಇಳಿಸಬೇಕು. ಆ ನಾಲ್ಕು ಸಾಲಿನ ಕೆಲಸ ಅದು. ಅವಿಲ್ಲದಿದ್ದರೆ ಭಾಗಾಕಾರ ತಪ್ಪು.

"ಎಂದೋ ಒಮ್ಮೆ ಅಂದ್ರೆ ಎಷ್ಟಕ್ಕೊಂದ್ಸಲ?" ಎಂದ ಶೇಕಡಾ.

"ಒಂಬೈನೂರು ಕೋಟಿಯನ್ನ ನೂರು ಕೋಟಿಯಿಂದ ಗುಣಿಸು. ಅಷ್ಟರಲ್ಲಿ ಒಂದ್ಸಲ."

ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. ಅದಕ್ಕಿಂತ ಮೊದಲು ಸೂರ್ಯನೇ ಆರಿಹೋಗುತ್ತಾನೆ ಎಂದ. ಆಮೇಲೆ ಉದಾರಿಯಾಗಿ ಗಡುವು ಕೊಟ್ಟ. ಆ ನಾಲ್ಕು ಸಾಲು ಓಡುವಂಥ ಒಂದೇ ಒಂದು ಲೆಕ್ಕ ಗುರುವಾರದೊಳಗೆ ತೋರಿಸಬೇಕು. ಆಗದಿದ್ದರೆ ಅವಳೇ ತನ್ನ ಕೈಯಾರೆ ಅವನ್ನು ಅಳಿಸಿ ಸಹಿ ಹಾಕಬೇಕು.

ಆ ಸಂಜೆ ಅವಳು ಗಂಡನ ಮುಂದೆ ಹಾರಾಡಿದಳು. ಲಿಫ್ಟಿನಲ್ಲಿ ಹಗ್ಗ ಕಿತ್ತರೆ ಹಿಡಿದುಕೊಳ್ಳುವ ಬ್ರೇಕು ಇರುತ್ತದಲ್ಲ, ಅದು ದಿನಾ ಕೆಲಸ ಮಾಡುವುದಿಲ್ಲ ಎಂದು ಯಾರಾದರೂ ಬಿಚ್ಚಿ ಬಿಸಾಡುತ್ತಾರಾ ಎಂದು ಕೇಳಿದಳು. ಇದಕ್ಕಿಂತ ಒಳ್ಳೆಯ ವಾದ ಇರಲಾರದು ಎಂಬ ನಂಬಿಕೆ ಅವಳದು.

ಗಂಡ ಆ ದಿನದ ಒಂಬತ್ತನೆಯ ವಾಕ್ಯ ಆಡಿದ. "ನಾವು ವರ್ಷಕ್ಕೊಂದ್ಸಲ ಲಿಫ್ಟ್ ಬೀಳ್ಸಿ ನೋಡ್ತೀವಿ." ಹತ್ತನೆಯದು: "ನೀನು ನೋಡಿದೀಯಾ?"

ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ನೋಡಿರಲಿಲ್ಲ.

ಮಂಗಳವಾರ ಇಡೀ ದಿನ ಆಫೀಸಿನ ಅತ್ಯಂತ ವೇಗದ ಯಂತ್ರಕ್ಕೆ ಕಣ್ಣು ಮುಚ್ಚಿ ಸಂಖ್ಯೆಗಳನ್ನು ಎತ್ತಿ ಎತ್ತಿ ಭಾಗಿಸಲು ಹಚ್ಚಿದಳು. ಸೆಕೆಂಡಿಗೆ ಹತ್ತು ಕೋಟಿ ಲೆಕ್ಕ. ಮಧ್ಯಾಹ್ನ ಕೂತು ಗುಣಿಸಿ ನೋಡಿದರೆ ಆ ಒಂದು ಲೆಕ್ಕ ಸಿಗಲು ಸುಮಾರು ಮೂರು ಸಾವಿರ ವರ್ಷ ಬೇಕಿತ್ತು. ಮ್ಯಾನೇಜರಿಗೂ ಅದನ್ನೇ ಹೇಳಿದಳು. ಗುರುವಾರದೊಳಗೆ ಆಗುವ ಹಾಗೆ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಊಟದ ಮೇಜಿನ ಮುಂದೆ ತಲೆಗೆ ಕೈ ಹೊತ್ತು ಕೂತಿದ್ದಳು. ಎದುರಿಗೆ ಅತ್ತೆ ಪೇಪರಿನ ಹವಾಮಾನ ವರದಿಗೆ ಕೆಂಪು ಸುತ್ತು ಹಾಕುತ್ತಿದ್ದಳು. ಸೊಸೆ ಮಾತಿಲ್ಲದೆ ಇಷ್ಟು ಹೊತ್ತು ಕೂತದ್ದು ಅವಳಿಗೆ ಹೊಸದು.

"ಏನಾಯ್ತು? ಭಾಗಾಕಾರ ಮುಗೀತಾ?"

ಬೇರೆ ದಿನವಾಗಿದ್ದರೆ ಎದ್ದು ಹೋಗುತ್ತಿದ್ದಳು. ಇವತ್ತು ಏಳಲು ಶಕ್ತಿ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆಗೆ ತನ್ನ ಕೆಲಸ ಏನು ಎಂದು ಮೊದಲಿನಿಂದ ಹೇಳಿದಳು. ಅತ್ತೆಯೂ ಮೊದಲ ಸಲ ನಡುವೆ ಬಾಯಿ ಹಾಕದೆ ಕೇಳಿದಳು. ಕೇಳಿ ಮುಗಿಸಿ ಮೂಗು ಮುರಿದಳು.

"ಇಷ್ಟಕ್ಕೆ ಇಷ್ಟೊಂದಾ? ಇದು ಮೋಸದ ಲೆಕ್ಕ ಕಣೇ."

ಪೇಪರಿನ ಅಂಚಿನಲ್ಲಿ 4830 ಎಂದು ಬರೆದು ಪಕ್ಕದಲ್ಲಿ 699 ಎಂದು ಬರೆದಳು.

"ಇದನ್ನ ಅದರಿಂದ ಭಾಗಿಸು ಅಂತ ಕೊಡ್ತಿದ್ದೆ. ಜಾಣ ಮಕ್ಕಳೇ ಬೀಳ್ತಿದ್ವು. ಮೊದಲೆರಡು ಅಂಕಿ ನೋಡ್ತಾವೆ, ಅರವತ್ತೊಂಬತ್ತು. ಆ ಕಡೆ ನಾನೂರ ಎಂಬತ್ತಮೂರು. ಅರವತ್ತೊಂಬತ್ತೇಳ್ಲಿ ನಾನೂರ ಎಂಬತ್ತಮೂರು, ಸರಿಯಾಗಿ ಕೂತ್ಕೊಂತು ಅಂತ ಖುಷಿಯಿಂದ ಏಳು ಬರೀತಾವೆ. ಪೂರ್ತಿ ಗುಣಿಸಿದ್ರೆ 4893. ಹೋಗಲ್ಲ. ಆರೇ ಸಲ, ಶೇಷ 636. ಮೂವತ್ತನಾಲ್ಕು ವರ್ಷ ಪ್ರತಿ ಪರೀಕ್ಷೆಗೂ ಇಂಥದ್ದೊಂದು ಹಾಕಿದೀನಿ."

"ಇದು ನಿಮಗೆ ಹೇಗೆ ಸಿಗ್ತಿತ್ತು ಅತ್ತೆ?"

"ಸಿಗೋದೇನು? ಇಂಥದ್ದನ್ನ ಹುಡುಕ್ಕೊಂಡು ಕೂರ್ತಾರಾ ಯಾರಾದ್ರೂ? ಮಾಡ್ಕೋಬೇಕು. ಭಾಜಕದ ಬಾಲಕ್ಕೆ ಒಂಬತ್ತು ಅಂಟಿಸು, ಭಾಜ್ಯದ ಬಾಲಕ್ಕೆ ಸೊನ್ನೆ. ತಲೆ ಮಾತ್ರ ಸರಿಯಾಗಿ ಹೊಂದ್ಕೊಂಡ ಹಾಗೆ ಕಾಣ್ಬೇಕು, ಅಷ್ಟೇ. ನಿನ್ನ ಕಂಪ್ಯೂಟರಿನ ಒಂದು ಗೂಡಿಗೆ ಯಾವುದು ಅತಿ ದೊಡ್ಡದೋ ಅದೇ ಅದರ ಒಂಬತ್ತು."

ಶೇಷಮ್ಮ ಪೇಪರಿನ ಅಂಚನ್ನೇ ದಿಟ್ಟಿಸಿದಳು. ನಲವತ್ತು ಕೋಟಿ ಲೆಕ್ಕ, ಮೂರು ಸಾವಿರ ವರ್ಷ, ಹನ್ನೊಂದು ಜನರ ಆಫೀಸು. ಅತ್ತೆಗೆ ಬೇಕಾದದ್ದು ಎರಡು ನಿಮಿಷ ಮತ್ತು ಹವಾಮಾನ ವರದಿಯ ಪಕ್ಕದ ಖಾಲಿ ಜಾಗ. ಅವಳಿಗೆ ಸಂತೋಷವಾಯಿತು, ಅದರ ಎರಡರಷ್ಟು ಅವಮಾನವಾಯಿತು, ಎರಡನ್ನೂ ತೋರಿಸಿಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮಧ್ಯಾಹ್ನ ಎರಡಕ್ಕೆ ಲೆಕ್ಕ ಸಿದ್ಧವಾಯಿತು. ಒಬ್ಬಳೇ ಓಡಿಸಿ ನೋಡಬಹುದಿತ್ತು. ಬುದ್ಧಿ ಇದ್ದವರು ಹಾಗೆ ಮಾಡುತ್ತಾರೆ. ಇವಳು ಮ್ಯಾನೇಜರನ್ನೂ ಶೇಕಡಾನನ್ನೂ ಕರೆದಳು, ಪಕ್ಕದ ಮೇಜಿನವರು ತಾವಾಗಿ ಬಂದರು. ಎಲ್ಲರೂ ಹಿಂದೆ ನಿಂತ ಮೇಲೆ ಗುಂಡಿ ಒತ್ತಿದಳು. ಕೆಂಪಗಿದ್ದ ನಾಲ್ಕು ಸಾಲು ಒಂದಾದ ಮೇಲೊಂದು ಹಸಿರಾದವು.

"ನೋಡಿದ್ರಾ!" ಎಂದು ಕುರ್ಚಿ ತಿರುಗಿಸಿದಳು. "ಬೇಡವಾದ ಸಾಲುಗಳಂತೆ!"

ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಶೇಕಡಾ ಚಪ್ಪಾಳೆ ತಟ್ಟದೆ ಪರದೆಯ ಹತ್ತಿರ ಬಗ್ಗಿದ. ಅವನು ನೋಡುತ್ತಿದ್ದದ್ದು ಹಸಿರನ್ನಲ್ಲ, ಕೆಳಗೆ ಬಂದಿದ್ದ ಉತ್ತರವನ್ನು.

"ಮೇಡಂ," ಎಂದ ಮೆಲ್ಲಗೆ, "ಶೇಷ ಭಾಜಕಕ್ಕಿಂತ ದೊಡ್ಡದಿರಬಹುದಾ?"

ಇರಬಾರದು. ಅದು ನಾಲ್ಕನೆಯ ತರಗತಿಯ ಮಕ್ಕಳಿಗೂ ಗೊತ್ತು. ಶೇಷಕ್ಕಾಗಿ ಹನ್ನೊಂದು ವಾರ ಹೋರಾಡಿದ ಹೆಂಗಸಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅತ್ತೆಯ ಲೆಕ್ಕಕ್ಕೆ ಇಳಿಸಿ ಹೇಳುವುದಾದರೆ, 636 ಬರಬೇಕಾದ ಕಡೆ 9636 ಬಂದು ಕೂತಿತ್ತು. ಕಳೆದದ್ದನ್ನು ವಾಪಸು ಕೂಡಿಸುವಾಗ ಕೊನೆಯಲ್ಲಿ ಕೈಯಲ್ಲಿ ಒಂದು ಉಳಿಯುತ್ತದೆ, ಅದನ್ನು ಮುಂದಿನ ಮನೆಗೆ ಸೇರಿಸಬೇಕು. ಸೇರಿಸಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಒಂದು ದಿನ ಅವಳು ಆ ಒಂದನ್ನು ಮರೆತು ಊಟಕ್ಕೆ ಹೋಗಿರಬೇಕು. ಯಾವ ಸಾಲುಗಳಿಗಾಗಿ ಮೂರು ದಿನ ಗಂಟಲು ಹರಿದುಕೊಂಡಳೋ ಅವು ಹುಟ್ಟಿದಂದಿನಿಂದ ತಪ್ಪಾಗಿದ್ದವು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು, ಆದರೆ ಕೆಳಗೆ ಕನ್ನಡಕದ ಅಂಗಡಿ.

ಮ್ಯಾನೇಜರ್ ಮಾತ್ರ ಕುಗ್ಗಲಿಲ್ಲ. ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ ತಾನೇ? ಸೇರಿಸಿ. ಪರೀಕ್ಷೆಯೂ ಇದೆ, ಹಸಿರೂ ಇದೆ, ನೂರಕ್ಕೆ ನೂರು. ಹೊಸ ಆವೃತ್ತಿಯ ಜೊತೆಗಿನ ಟಿಪ್ಪಣಿಯಲ್ಲಿ "ಭಾಗಾಕಾರದಲ್ಲಿ ಸಣ್ಣ ಸುಧಾರಣೆ" ಎಂದು ಬರೆದರಾಯಿತು.

"ಮೂರು ಸಾವಿರ ವರ್ಷಕ್ಕೊಂದ್ಸಲ ಆಗೋದು ಅಂತ ನೀವೇ ಹೇಳಿದ್ರಲ್ಲ ಮೇಡಂ. ಒಂಬತ್ತು ವರ್ಷದಲ್ಲಿ ಯಾರಿಗೆ ಆಗಿರುತ್ತೆ?"

ಅದನ್ನೇ ಅವಳು ಗುರುವಾರ ಕೂತು ನೋಡಿದಳು. ನೋಡಬಾರದಿತ್ತು, ನೋಡಿದಳು. ಮೂರು ಸಾವಿರ ವರ್ಷ ಎನ್ನುವುದು ಚೀಟಿ ಎತ್ತಿದ ಹಾಗೆ ಎತ್ತಿದ ಸಂಖ್ಯೆಗಳ ಲೆಕ್ಕ. ಲೋಕದಲ್ಲಿ ಯಾರೂ ಸಂಖ್ಯೆಗಳನ್ನು ಚೀಟಿ ಎತ್ತಿ ಆರಿಸುವುದಿಲ್ಲ. ಸೀಲು ಮಾಡುವವರು ಲೆಕ್ಕ ಬೇಗ ಆಗಲಿ ಎಂದು ಅಂದವಾದ ಭಾಜಕಗಳನ್ನೇ ಆರಿಸಿದ್ದರು. ಅವುಗಳಲ್ಲಿ ಗೂಡಿನಿಂದ ಗೂಡಿಗೆ ತುಂಬಿದ್ದದ್ದು ಅತಿ ದೊಡ್ಡ ಅಂಕಿಯೇ, ಅತ್ತೆಯ ಭಾಷೆಯಲ್ಲಿ ಒಂಬತ್ತರ ಮೇಲೆ ಒಂಬತ್ತು. ಲ್ಯಾಬುಗಳು ದಿನಾ ಮೋಸದ ಲೆಕ್ಕ ಮಾಡುತ್ತಿದ್ದವು.

ಶುಕ್ರವಾರ ಬಂದ ಗ್ರಾಹಕನ ಮುಂದೆ ಮ್ಯಾನೇಜರ್ ನೂರು ಎಂದು ಬರೆದ ಹಾಳೆ ಇಟ್ಟ. ಶೇಷಮ್ಮ ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟಳು. ಈ ಭಾಗಾಕಾರ ಮೊನ್ನೆ ಬುಧವಾರದವರೆಗೆ ತಪ್ಪಾಗಿತ್ತು, ಬರೆದವಳು ನಾನು, ಹಳೆಯ ಗ್ರಾಹಕರಿಗೆಲ್ಲ ಇವತ್ತು ಪತ್ರ ಹೋಗಬೇಕು ಎಂದಳು. ಗ್ರಾಹಕ ಎರಡೂ ಹಾಳೆ ಓದಿ, ನೂರು ಇರುವುದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಆಮೇಲೆ ತಿಳಿಸುತ್ತೇನೆ ಎಂದು ಹೋದ. ಇಂದಿಗೂ ತಿಳಿಸಿಲ್ಲ. ಮುಖ್ಯಸ್ಥನ ಕುರ್ಚಿ ಸೋಮವಾರ ಶೇಕಡಾಗೆ ಹೋಯಿತು.

ಪತ್ರಕ್ಕೆ ಮುಖ್ಯಸ್ಥನ ಸಹಿ ಬೇಕಿತ್ತು. ಶೇಕಡಾ ಹಾಕಲಾರ ಎಂಬ ಧೈರ್ಯದಲ್ಲೇ ಮ್ಯಾನೇಜರ್ ಇದ್ದ. ಶೇಕಡಾ ಹೊಸ ಕುರ್ಚಿಯ ಎತ್ತರ ಸರಿಮಾಡಿಕೊಂಡು, ಪತ್ರ ಓದಿ, ಮೊದಲ ಕೆಲಸವಾಗಿ ಅದಕ್ಕೇ ಸಹಿ ಹಾಕಿದ. "ನಾನೂ ನಲವತ್ತು ಕೋಟಿ ಸಲ ನೋಡಿ ಸರಿ ಇದೆ ಅಂದವನೇ ಅಲ್ವಾ ಮೇಡಂ," ಎಂದ. ಎಷ್ಟು ಪರ್ಸೆಂಟ್ ಎಂದು ಮಾತ್ರ ಹೇಳಲಿಲ್ಲ.

ಮೂವತ್ತೊಂದು ಪತ್ರ ಹೋಯಿತು. ಇಪ್ಪತ್ತಾರು ಜನ ಉತ್ತರಿಸಲಿಲ್ಲ, ನಾಲ್ಕು ಕಡೆಯಿಂದ ಧನ್ಯವಾದ ಎಂದು ಯಂತ್ರ ಬರೆದ ಮರುಪತ್ರ ಬಂತು. ಹನ್ನೆರಡನೆಯ ದಿನ ಒಂದು ಲ್ಯಾಬಿನಿಂದ ಮನುಷ್ಯರು ಬರೆದದ್ದು ಬಂತು. ಮೂರು ವರ್ಷದ ಹಿಂದೆ ತಮ್ಮಲ್ಲಿ ಒಂದು ವರದಿಯನ್ನು ಸೀಲು ಪರೀಕ್ಷೆ ನಕಲಿ ಎಂದು ತೋರಿಸಿತ್ತು, ಹೊಸ ಆವೃತ್ತಿಯಲ್ಲಿ ಈಗ ನೋಡಿದರೆ ಅಸಲಿ ಎಂದು ಬರುತ್ತಿದೆ, ತಿಳಿಸಿದ್ದಕ್ಕೆ ವಂದನೆಗಳು. ವರದಿ ತಯಾರಿಸಿದ್ದ ಟೆಕ್ನಿಷಿಯನ್ನನ್ನು ಅದನ್ನು ತಿದ್ದಿದ ಆರೋಪದ ಮೇಲೆ ಆಗಲೇ ಕೆಲಸದಿಂದ ತೆಗೆಯಲಾಗಿದ್ದು, ಸದರಿ ವಿಷಯ ಮುಕ್ತಾಯವಾಗಿದೆ.

ಶೇಷಮ್ಮ ಆ ಕೊನೆಯ ವಾಕ್ಯವನ್ನು ನಾಲ್ಕು ಸಲ ಓದಿದಳು. ಮನೆಗೆ ಬಂದು ಪತ್ರವನ್ನು ಅತ್ತೆಯ ಮುಂದೆ ಇಟ್ಟಳು. ಅತ್ತೆ ಓದಿ ಕೆಂಪು ಪೆನ್ನು ಪಕ್ಕಕ್ಕಿಟ್ಟಳು.

"ಫೋನ್ ಮಾಡ್ಬೇಡ," ಎಂದಳು. "ಹೋಗು. ಎದುರಿಗೆ ನಿಂತು ಹೇಳು."

ವಿಳಾಸವನ್ನು ಲ್ಯಾಬಿನವರು ಕೊಡಲಿಲ್ಲ. ಕೊನೆಗೆ ಅಲ್ಲಿಯ ಕೌಂಟರಿನ ಹೆಂಗಸು ದನಿ ತಗ್ಗಿಸಿ ಒಂದು ಬೀದಿಯ ಅಂಗಡಿಯ ಗುರುತು ಹೇಳಿದಳು. ಶನಿವಾರ ಬೆಳಿಗ್ಗೆ ಶೇಷಮ್ಮ ಬಸ್ಸು ಹಿಡಿದು ಅಲ್ಲಿಗೆ ಹೋದಳು. ಅದೊಂದು ಚಪ್ಪಲಿ ಅಂಗಡಿ. ಅವಳದೇ ವಯಸ್ಸಿನ ಒಬ್ಬಳು ನೆಲದ ಮೇಲೆ ಕೂತು, ಕಾಲಳತೆ ಕೊಡುತ್ತಿದ್ದ ಗಿರಾಕಿಗೆ ಚಪ್ಪಲಿ ತೊಡಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣು ಈಗ ಹಿಮ್ಮಡಿಗೂ ಚಪ್ಪಲಿಗೂ ನಡುವಿನ ಸಂದು ನೋಡುತ್ತಿತ್ತು.

ಗಿರಾಕಿ ಹೋಗುವವರೆಗೆ ಕಾದು ಶೇಷಮ್ಮ ಹೇಳಿದಳು. ತಾನು ಯಾರು, ಏನು ಬರೆದಿದ್ದೆ, ಎಲ್ಲಿ ತಪ್ಪಿದೆ. ಉದ್ದಕ್ಕೆ ಹೇಳಲು ತಯಾರಿ ಮಾಡಿಕೊಂಡು ಬಂದಿದ್ದಳು, ಮೂರೇ ವಾಕ್ಯಕ್ಕೆ ಮುಗಿದುಹೋಯಿತು.

"ನೀವು ಏನೂ ತಿದ್ದಿರ್ಲಿಲ್ಲ. ತಪ್ಪು ನಂದು."

ಆ ಹೆಂಗಸು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಎರಡು ಸಲ ಓಡಿಸಿದ್ರು. ಎರಡು ಸಲಾನೂ ನಕಲಿ ಅಂತ ಬಂತು. ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂತ ಎಲ್ರೂ ಕೇಳಿದ್ರು. ಮೊದಮೊದಲು ನಾನು ತಿದ್ದಿಲ್ಲ ತಿದ್ದಿಲ್ಲ ಅಂತಿದ್ದೆ. ಆಮೇಲಾಮೇಲೆ ನನಗೂ, ಎಲ್ಲೋ ನಾನೇ ಕೈಯಾಡಿಸಿರ್ಬೇಕು, ನೆನಪಿಲ್ಲ ಅಷ್ಟೇ ಅನ್ನಿಸೋಕೆ ಶುರುವಾಯ್ತು. ಹೋದ ವರ್ಷ ಅವ್ರಿಗೆ ಕ್ಷಮಿಸಿ ಅಂತ ಒಂದು ಪತ್ರಾನೂ ಬರೆದೆ."

ಶೇಷಮ್ಮನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ನೀವು ಸ್ವಲ್ಪ ಹೊತ್ತು ಇರ್ತೀರಾ?" ಎಂದಳು ಆ ಹೆಂಗಸು. "ಒಂದು ಗಂಟೆಗೆ ಅಂಗಡಿ ಮುಚ್ತೀನಿ. ಮನೇಲಿ ನಮ್ಮೆಜಮಾನ್ರು, ಮಗಳು ಇದಾರೆ. ನೀವೇ ಬಂದು ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಗಡಿಯಾರದಲ್ಲಿ ಹನ್ನೊಂದೂಕಾಲು. ಶೇಷಮ್ಮ ಗಿರಾಕಿಗಳು ಕೂರುವ ಗಿಡ್ಡ ಸ್ಟೂಲಿನ ಮೇಲೆ ಕೂತಳು.